ಚಂದ್ರನ ಕಕ್ಷೆ ಬದಲಾದರೆ ಸಮುದ್ರವಿಲ್ಲದ ನಮ್ಮ ಸೀಮೆಗೆ ಏನಾಗುತ್ತದೆ?

ಸಿಂಧನೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈಗ ಒಂದು ವಿಡಿಯೊ ಹರಿದಾಡುತ್ತಿದೆ. ಚಂದ್ರನು ತನ್ನ ಕಕ್ಷೆಯನ್ನು ಬಿಟ್ಟು ಸರಿದಿದ್ದಾನೆ, ಮಳೆ ಹಿಂದುಮುಂದಾಗುತ್ತಿರುವುದಕ್ಕೆ ಅದೇ ಕಾರಣ, 2024ರಲ್ಲಿ ತುಂಗಭದ್ರಾ ಜಲಾಶಯದ ಗೇಟು ಕೊಚ್ಚಿಹೋದದ್ದೂ ಚಂದ್ರನ ಸೆಳೆತದಿಂದಲೇ ಎಂದು ಅದರಲ್ಲಿ ಬಹಳ ಗಂಭೀರವಾದ ದನಿಯಲ್ಲಿ ಹೇಳಲಾಗಿದೆ. ಮಕ್ಕಳು ಅದನ್ನು ನೋಡಿಕೊಂಡೇ ತರಗತಿಗೆ ಬರುತ್ತಾರೆ. ಅದೆಲ್ಲ ಸುಳ್ಳು ಎಂದು ಹೇಳಿ ಪಾಠ ಮುಂದುವರಿಸಬಹುದಿತ್ತು. ಆದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಚಂದ್ರನಿಂದ ಆಗುವುದು ಸಮುದ್ರದ ಉಬ್ಬರವಿಳಿತ ಮಾತ್ರ ಎಂದಾದರೆ ಅವನು ಎಲ್ಲಿಗೆ ಹೋದರೂ ನಮಗೇನು, ನಮಗೆ ಸಮುದ್ರವೇ ಇಲ್ಲವಲ್ಲ" ಎಂದು ಕೇಳಿದಳು. ಆ ಪ್ರಶ್ನೆಯನ್ನು ಒಂದು ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಚಂದ್ರನ ಕಕ್ಷೆ ನಿಜವಾಗಿಯೂ ಬದಲಾಗುತ್ತಿದೆಯೇ? ಅವನು ಹತ್ತಿರ ಬಂದರೆ, ದೂರ ಹೋದರೆ, ಅಥವಾ ಅವನ ದಾರಿಯ ವಾಲಿಕೆ ಬದಲಾದರೆ ರಾಯಚೂರು, ಕೊಪ್ಪಳ, ಬಳ್ಳಾರಿಯಂಥ ಒಳನಾಡಿನಲ್ಲಿ ಯಾವ ವ್ಯತ್ಯಾಸ ಕಾಣುತ್ತದೆ? ತಿಳಿದವರು ಮಕ್ಕಳಿಗೆ ಹೇಳುವಂತೆ ವಿವರಿಸಿದರೆ ಉಪಕಾರವಾಗುತ್ತದೆ.

ಬಳ್ಳಾರಿ ಬಿಸಿಲು

ಚಂದ್ರನು ಹತ್ತಿರ ಬರಲಿ ದೂರ ಹೋಗಲಿ, ಬಳ್ಳಾರಿಯ ಬಿಸಿಲು ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುನಿರಾಬಾದಿನವ

ಮೊದಲು ಗೇಟಿನ ವಿಷಯವನ್ನು ಮುಗಿಸಿಬಿಡೋಣ, ಏಕೆಂದರೆ ಅದು ನಮ್ಮ ಮನೆಯ ಹತ್ತಿರ ನಡೆದ ಸಂಗತಿ. 19ನೆಯ ಗೇಟು ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಹಿಂದಿನ ದಿನ ನಾಗಪಂಚಮಿ ಇತ್ತು ಎಂಬುದು ಈ ಭಾಗದವರಿಗೆಲ್ಲ ನೆನಪಿರುತ್ತದೆ, ಅಂದರೆ ಆ ದಿನ ಷಷ್ಠಿ. ಅಮಾವಾಸ್ಯೆ ಆಗಲೇ ಕಳೆದಿತ್ತು, ಹುಣ್ಣಿಮೆ ಬಂದದ್ದು 19ರಂದು. ಸೂರ್ಯ ಮತ್ತು ಚಂದ್ರರ ಸೆಳೆತಗಳು ಕೂಡಿಕೊಂಡು ಉಬ್ಬರ ಹೆಚ್ಚುವುದು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ. ಷಷ್ಠಿಯಿಂದ ಅಷ್ಟಮಿಯ ಕಡೆಗೆ ಅವೆರಡೂ ಒಂದಕ್ಕೊಂದು ಅಡ್ಡ ಬಂದು ಉಬ್ಬರ ಕುಗ್ಗುತ್ತಾ ಹೋಗುತ್ತದೆ. ಚಂದ್ರನ ಮೇಲೆ ಆರೋಪ ಹೊರಿಸುವವರು ಕನಿಷ್ಠ ಪಕ್ಷ ಪಂಚಾಂಗವನ್ನಾದರೂ ನೋಡಬೇಕಿತ್ತು.

ತುಂಡಾದದ್ದು ಗೇಟಿನ ಸರಪಳಿ. ಜಲಾಶಯ ಎಷ್ಟೇ ದೊಡ್ಡದಾಗಿ ಕಂಡರೂ ಅದು ಸಮುದ್ರವಲ್ಲ. ಅಮೆರಿಕದ ಮಹಾಸರೋವರಗಳಲ್ಲಿಯೇ ಚಂದ್ರನಿಂದಾಗುವ ಉಬ್ಬರ 5 ಸೆಂಟಿಮೀಟರ್ ಮುಟ್ಟುವುದಿಲ್ಲ. ಅವುಗಳ ಮುಂದೆ ನಮ್ಮ ಹಿನ್ನೀರು ತೀರಾ ಚಿಕ್ಕದು; ಇಲ್ಲಿ ಗಾಳಿ ಬೀಸಿದಾಗ ಏಳುವ ಅಲೆಯೇ ಚಂದ್ರನ ಉಬ್ಬರಕ್ಕಿಂತ ಎಷ್ಟೋ ಪಾಲು ದೊಡ್ಡದು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿ ನೀರು ನಿಲ್ಲಿಸುವ ತನಕ ಎರಡೂ ದಂಡೆಯವರು ಅನುಭವಿಸಿದ ಆತಂಕವನ್ನು ಆಕಾಶದ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಲೆಕ್ಕದ ಮನುಷ್ಯ, ಕೊಪ್ಪಳ

ಮೇಷ್ಟ್ರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ "ಹೌದು" ಎಂದೇ ಆಗುತ್ತದೆ. ಆದರೆ ವಿಡಿಯೊ ಮಾಡಿದವರು ಹೇಳುವ ಅರ್ಥದಲ್ಲಿ ಅಲ್ಲ.

ಚಂದ್ರನ ಕಕ್ಷೆ ಎಂದೂ ಒಂದೇ ತೆರನಾಗಿ ನಿಂತಿಲ್ಲ. ಸರಾಸರಿ ದೂರ 3,84,400 ಕಿಲೋಮೀಟರ್ ಎಂದು ಪುಸ್ತಕದಲ್ಲಿರುತ್ತದೆ, ಆದರೆ ದಾರಿ ಪೂರ್ತಿ ದುಂಡಗಿಲ್ಲದ ಕಾರಣ ಅವನು ಕೆಲವು ತಿಂಗಳಲ್ಲಿ ಸುಮಾರು 3,56,500 ಕಿಲೋಮೀಟರಿನಷ್ಟು ಹತ್ತಿರ ಬರುತ್ತಾನೆ, ಕೆಲವೊಮ್ಮೆ 4,06,700ರ ಹತ್ತಿರದವರೆಗೂ ದೂರ ಹೋಗುತ್ತಾನೆ. ಉಬ್ಬರ ಎಬ್ಬಿಸುವ ಬಲವು ದೂರದ ಘನಕ್ಕೆ ವಿಲೋಮವಾಗಿರುವುದರಿಂದ ಇಷ್ಟು ಸಣ್ಣ ಹೆಚ್ಚುಕಡಿಮೆಗೂ ಆ ಬಲದಲ್ಲಿ ಸುಮಾರು ಒಂದೂವರೆ ಪಟ್ಟು ಅಂತರ ಬೀಳುತ್ತದೆ. ಟಿವಿಯವರು ಸೂಪರ್‌ಮೂನ್ ಎಂದು ಕೂಗುವುದು ಆ ಹತ್ತಿರದ ಹುಣ್ಣಿಮೆಯನ್ನೇ. ಇದು ಮಾಮೂಲಿ ಬದಲಾವಣೆ, ಪ್ರತಿ ತಿಂಗಳೂ ನಡೆಯುವಂಥದ್ದು.

ನಿಜವಾದ ಸರಿಯುವಿಕೆ ಬೇರೆಯೇ ಇದೆ. ಭೂಮಿ ತನ್ನ ಸುತ್ತ ತಿರುಗುವ ವೇಗ ಚಂದ್ರನು ಭೂಮಿಯನ್ನು ಸುತ್ತುವ ವೇಗಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಚಂದ್ರನ ಸೆಳೆತದಿಂದ ಎದ್ದ ಸಮುದ್ರದ ಉಬ್ಬು ಅವನ ನೇರಕ್ಕೆ ನಿಲ್ಲದೆ ತುಸು ಮುಂದಕ್ಕೆ ಹೋಗಿರುತ್ತದೆ. ಆ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಚಂದ್ರನು ಅದನ್ನು ಹಿಂದಕ್ಕೆ ಜಗ್ಗುತ್ತಾನೆ. ಫಲವಾಗಿ ಭೂಮಿಯ ತಿರುಗಾಟ ನಿಧಾನವಾಗುತ್ತದೆ, ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಾನೆ. ಇದು ಊಹೆಯಲ್ಲ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ ಇಟ್ಟುಬಂದ ಪ್ರತಿಫಲಕಕ್ಕೆ ಇಲ್ಲಿಂದ ಲೇಸರ್ ಬಿಟ್ಟು, ಬೆಳಕು ಹೋಗಿಬರುವ ಎರಡೂವರೆ ಸೆಕೆಂಡಿನಷ್ಟು ಕಾಲವನ್ನು ಅಳೆದು ಕಂಡುಕೊಂಡದ್ದು. ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಮೇಲೂ ನಾಸಾದ ಅಂಥದೊಂದು ಪುಟ್ಟ ಪ್ರತಿಫಲಕವಿದೆ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿರುವ ನಾಸಾದ ನೌಕೆಯು ಲೇಸರ್ ಬಿಟ್ಟು ಅದರಿಂದ ಮರಳಿದ ಬೆಳಕನ್ನು ಹಿಡಿದಿತ್ತು.

ಗಂಗಾವತಿ ಭತ್ತ

ಲೆಕ್ಕದವರೇ, ನನಗೊಂದು ಅನುಮಾನ ಉಳಿಯಿತು. ಮುಂದಕ್ಕೆ ಎಳೆದರೆ ಚಂದ್ರನ ಓಟ ಜೋರಾಗಬೇಕಲ್ಲವೇ? ದೂರ ಹೋಗುವುದು ಏಕೆ?

ಲೆಕ್ಕದ ಮನುಷ್ಯ, ಕೊಪ್ಪಳ

ಎಳೆತದಿಂದ ಅವನಿಗೆ ಶಕ್ತಿ ದೊರೆಯುತ್ತದೆ ಯಜಮಾನರೇ, ಆದರೆ ಆ ಶಕ್ತಿಯು ಭೂಮಿಯ ಸೆಳೆತದ ವಿರುದ್ಧ ಮೇಲಕ್ಕೆ ಏರುವುದಕ್ಕೆ ಖರ್ಚಾಗುತ್ತದೆ. ಹಾಗೆ ಏರಿದವನು ಹೊರಗಿನ ಕಕ್ಷೆಯಲ್ಲಿ ಮೊದಲಿಗಿಂತ ನಿಧಾನವಾಗಿಯೇ ಸುತ್ತಬೇಕಾಗುತ್ತದೆ. ಮಂಗಳ ಗ್ರಹದ ಉಪಗ್ರಹ ಫೋಬೋಸ್‌ನ ಕಥೆ ಇದಕ್ಕೆ ತಲೆಕೆಳಗು. ಅದು ಮಂಗಳನು ತಿರುಗುವುದಕ್ಕಿಂತ ಬೇಗ ಸುತ್ತುಹಾಕುತ್ತದೆ, ಎಂಟು ಗಂಟೆಯೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ಉಬ್ಬು ಹಿಂದೆ ಬಿದ್ದು ಅದನ್ನು ಜಗ್ಗುತ್ತದೆ, ಅದು ಒಳಕ್ಕೆ ಇಳಿಯುತ್ತಲೇ ಇದೆ. ಇನ್ನು ಸುಮಾರು 5 ಕೋಟಿ ವರ್ಷಗಳಲ್ಲಿ ಒಡೆದು ಚೂರಾಗುತ್ತದೆ ಅಥವಾ ಮಂಗಳಕ್ಕೆ ಅಪ್ಪಳಿಸುತ್ತದೆ ಎಂಬುದು ಅಂದಾಜು.

ಪಂಚಾಂಗದ ಮನೆ, ಆನೆಗೊಂದಿ

ಚಂದ್ರನ ಕಕ್ಷೆಯ ಚಲನೆ ಹೊಸ ಸುದ್ದಿಯೇನಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವನು ನಮ್ಮಿಂದ ಅತಿ ದೂರವಾಗುವ ಬಿಂದುವನ್ನು ಉಚ್ಚವೆಂದೂ, ಅವನ ದಾರಿಯು ಸೂರ್ಯನ ದಾರಿಯನ್ನು ದಾಟುವ ಬಿಂದುವನ್ನು ಪಾತವೆಂದೂ ಗಣಿತದಲ್ಲಿ ಕರೆಯುತ್ತೇವೆ. ಜನರ ಬಾಯಲ್ಲಿ ರಾಹು ಕೇತು ಎಂದು ಇರುವುದು ಈ ಪಾತಗಳೇ. ಇವೆರಡೂ ಒಂದೆಡೆ ನಿಲ್ಲುವುದಿಲ್ಲ. ನಮ್ಮ ಪ್ರಾಚೀನ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತವು 43,20,000 ವರ್ಷಗಳ ಮಹಾಯುಗದಲ್ಲಿ ಉಚ್ಚವು 4,88,203 ಸುತ್ತು, ಪಾತವು ಹಿಮ್ಮುಖವಾಗಿ 2,32,238 ಸುತ್ತು ತಿರುಗುತ್ತದೆ ಎನ್ನುತ್ತದೆ. ಭಾಗಿಸಿ ನೋಡಿದರೆ ಒಂದಕ್ಕೆ 8.85 ವರ್ಷ, ಇನ್ನೊಂದಕ್ಕೆ 18.6 ವರ್ಷ ಬರುತ್ತದೆ. ಇಂದಿನ ಖಗೋಳಶಾಸ್ತ್ರಜ್ಞರು ಹೇಳುವುದೂ ಅದನ್ನೇ.

ರಾಯಚೂರು ಕೋಟೆ

ಭಟ್ಟರೇ, ಲೆಕ್ಕ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇದನ್ನು ಓದಿದವರು ನಾಳೆ "ಚಂದ್ರನು ದೂರ ಸರಿಯುವುದು ನಮ್ಮವರಿಗೆ ಮೊದಲೇ ಗೊತ್ತಿತ್ತು" ಎಂದು ಇನ್ನೊಂದು ವಿಡಿಯೊ ಮಾಡುತ್ತಾರೆ. ನೀವು ಹೇಳಿದ್ದು ಕಕ್ಷೆಯ ಆವರ್ತನೆ. ಒಂದು ಸುತ್ತು ಮುಗಿದ ಮೇಲೆ ಅದು ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಮರಳಿ ಬಾರದ ಸರಿಯುವಿಕೆಯ ಸುಳಿವು ಸಿಕ್ಕಿದ್ದು 17ನೆಯ ಶತಮಾನದ ಕೊನೆಯಲ್ಲಿ, ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿಯು ಪ್ರಾಚೀನ ಗ್ರಹಣಗಳ ದಾಖಲೆಗಳನ್ನು ತನ್ನ ಕಾಲದ ಲೆಕ್ಕದೊಂದಿಗೆ ಹೋಲಿಸಿ ನೋಡಿದಾಗ.

ಪಂಚಾಂಗದ ಮನೆ, ಆನೆಗೊಂದಿ

ನಾನು ಹಾಗೆ ಹೇಳಿಯೇ ಇಲ್ಲ. ಹೇಳದ ಮಾತಿಗೆ ತಿದ್ದುಪಡಿ ಬೇಡ. ನಮ್ಮ ಗಣಿತಕ್ಕೂ ಆಗಾಗ ಬೀಜಸಂಸ್ಕಾರ ಮಾಡಿ ಆಕಾಶಕ್ಕೆ ಹೊಂದಿಸಿಕೊಳ್ಳುವ ಪದ್ಧತಿ ಇದೆ; ಅಳತೆ ಬದಲಾದರೆ ಅಂಕಿಯನ್ನು ತಿದ್ದುವವರು ನಾವು.

ಕರಾವಳಿಗೆ ಹೋದ ಮಾನ್ವಿಯವ

ಕೆಲಸದ ನಿಮಿತ್ತ ಮಂಗಳೂರಿನಲ್ಲಿದ್ದೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಅಳಿವೆಯ ದಂಡೆಯಲ್ಲಿ ಬೆಳಿಗ್ಗೆ ನೀರಿನ ಮೇಲೆ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನ ಮೇಲೆ ವಾಲಿಕೊಂಡು ಕೂತದ್ದನ್ನು ಕಂಡು, ಅದರ ಹಗ್ಗ ಸಡಿಲವಾಗಿ ಕಂಬದ ಬುಡಕ್ಕೆ ಇಳಿದಿದ್ದನ್ನು ಕಂಡು ನಿಂತೇಬಿಟ್ಟಿದ್ದೆ. ಬಯಲುಸೀಮೆಯವನಿಗೆ ಅದು ಸೋಜಿಗವೇ. ಆದರೂ ಇಲ್ಲಿಯ ಉಬ್ಬರ ಒಂದೂವರೆ ಮೀಟರಿನ ಆಸುಪಾಸಿನದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು 10 ಮೀಟರಿಗೂ ಹೆಚ್ಚು. ಚಂದ್ರ ಒಬ್ಬನೇ, ಕರಾವಳಿಯ ಆಕಾರ ಬೇರೆ ಬೇರೆ.

ಚಂದ್ರನು ಈಗಿರುವ ಅರ್ಧ ದೂರಕ್ಕೆ ಬಂದರೆ ಅವನ ಉಬ್ಬರದ ಬಲ ಎಂಟು ಪಟ್ಟಾಗುತ್ತದೆ. ಆಗ ಮಂಗಳೂರಿನ ಬಂದರು, ಮುಂಬೈಯ ತಗ್ಗು ಪ್ರದೇಶಗಳು, ಸುಂದರಬನ ದಿನಕ್ಕೆ ಎರಡು ಸಲ ಮುಳುಗುತ್ತವೆ. ರಾಯಚೂರು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಎತ್ತರದಲ್ಲಿದೆ, ಬಳ್ಳಾರಿ ಇನ್ನೂ ಮೇಲೆ. ಹಾಗಾಗಿ ನೀರೇನೋ ನಮ್ಮೂರಿಗೆ ಬರುವುದಿಲ್ಲ, ಕರಾವಳಿಯಲ್ಲಿ ನೆಲೆ ತಪ್ಪಿದ ಜನ ಮಾತ್ರ ಬರುತ್ತಾರೆ.

ಲೆಕ್ಕದ ಮನುಷ್ಯ, ಕೊಪ್ಪಳ

ನೀರು ಬಾರದಿದ್ದರೂ ನೆಲ ಏಳುತ್ತದೆ ಎಂಬುದನ್ನು ಮಾನ್ವಿಯವರು ಬಿಟ್ಟಿದ್ದಾರೆ. ಆ ಹುಡುಗಿಗೆ ಹೇಳಬೇಕಾದ ಮೊದಲ ಉತ್ತರವೇ ಇದು. ಗಟ್ಟಿ ಭೂಮಿಗೂ ಉಬ್ಬರವಿದೆ. ನಾವು ನಿಂತಿರುವ ಈ ಕಲ್ಲಿನ ನೆಲವೇ ದಿನಕ್ಕೆ ಎರಡು ಸಲ ಸುಮಾರು 30 ಸೆಂಟಿಮೀಟರಿನಷ್ಟು ಏರಿ ಇಳಿಯುತ್ತದೆ. ಮನೆ, ಗುಡ್ಡ, ಕಾಲುವೆ, ಊರೆಲ್ಲ ಒಟ್ಟಿಗೆ ಏರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಜಿನೀವಾದ ಹತ್ತಿರ ನೆಲದಡಿಯಲ್ಲಿದ್ದ 27 ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕದ ಉಂಗುರವು ಚಂದ್ರನ ಸೆಳೆತದಿಂದ ಒಂದು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುವುದನ್ನು 1990ರ ದಶಕದ ಆರಂಭದಲ್ಲಿ ಗುರುತಿಸಿ, ಅದಕ್ಕೆ ತಕ್ಕಂತೆ ಲೆಕ್ಕ ಸರಿಪಡಿಸಿಕೊಳ್ಳಬೇಕಾಯಿತು.

ಚಂದ್ರನು ಅರ್ಧ ದೂರಕ್ಕೆ ಬಂದರೆ ಈ ಏರಿಳಿತ ಎರಡು ಮೀಟರನ್ನೂ ಮೀರುತ್ತದೆ. ಆ ನುಲಿತದಿಂದ ಬಂಡೆಗಳೊಳಗೆ ಶಾಖವೂ ಹುಟ್ಟುತ್ತದೆ. ಗುರುಗ್ರಹದ ಉಪಗ್ರಹ ಅಯೋದಲ್ಲಿ ಇದೇ ಕಾರಣಕ್ಕೆ ಜ್ವಾಲಾಮುಖಿಗಳು ಉರಿಯುತ್ತಿರುವುದನ್ನು 1979ರಲ್ಲಿ ವಾಯೇಜರ್ ನೌಕೆ ಕಂಡಿತು. ಭೂಮಿಗೆ ಅಂಥ ದುರ್ಗತಿ ಬರಲು ಚಂದ್ರನು ಅರ್ಧಕ್ಕಿಂತ ಬಹಳ ಒಳಗೆ ಬರಬೇಕು. ಸುಮಾರು 18,000 ಕಿಲೋಮೀಟರಿನ ತನಕ ಬಂದರೆ ಭೂಮಿಯ ಸೆಳೆತಕ್ಕೆ ಅವನೇ ಹರಿದು ಚೂರಾಗಿ, ನಮಗೂ ಶನಿಗಿರುವಂಥ ಉಂಗುರ ಬರುತ್ತದೆ.

ಸಂಡೂರಿನ ಗಣಿ ಮನುಷ್ಯ

ಇಷ್ಟೆಲ್ಲ ಲೇಸರ್, ಲೆಕ್ಕ ಹೇಳಿದಿರಿ. ಹಳೆಯ ಚಂದ್ರನ ದೂರವನ್ನು ಕಲ್ಲಿನಲ್ಲಿ ಓದಬಹುದು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ನಮ್ಮ ಗುಡ್ಡಗಳಲ್ಲಿ ಕಬ್ಬಿಣದ ಪಟ್ಟೆ ಕಲ್ಲು ಸಿಗುತ್ತದೆ. ಹೊಸದಾಗಿ ಒಡೆದ ತುಂಡನ್ನು ನೀರಿನಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ ಉಕ್ಕಿನ ಬಣ್ಣದ ಗೆರೆ, ಅದರ ಮೇಲೆ ಕೆಂಪು ಗೆರೆ, ಮತ್ತೆ ಉಕ್ಕಿನ ಬಣ್ಣದ ಗೆರೆ ಹೀಗೆ ಒಂದರ ಮೇಲೊಂದು ಕಾಣುತ್ತವೆ. ಕೆಲವು ಗೆರೆಗಳು ಉಗುರಿನಷ್ಟೂ ದಪ್ಪವಿಲ್ಲ. ಕೈಯಲ್ಲಿ ಹಿಡಿದರೆ ಆ ಗಾತ್ರಕ್ಕೆ ಇಷ್ಟು ತೂಕವೇ ಎನ್ನಿಸುತ್ತದೆ, ಬೆರಳಿಗೆ ಕೆಂಪು ಹತ್ತುತ್ತದೆ. ಈ ಕಲ್ಲುಗಳು 250 ಕೋಟಿ ವರ್ಷಗಳಿಗಿಂತಲೂ ಹಳೆಯವು, ಅಂದು ಸಮುದ್ರದ ತಳದಲ್ಲಿ ಪದರಪದರವಾಗಿ ಕೂತವು. ಇಲ್ಲಿ ಸಮುದ್ರವೇ ಇಲ್ಲ ಎನ್ನುವ ಹುಡುಗಿಗೆ ಇದನ್ನೂ ಹೇಳಿ ಮೇಷ್ಟ್ರೇ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇಂಥದೇ ಪಟ್ಟೆ ಕಲ್ಲಿನ ಬಂಡೆಯೊಂದಿದೆ, ವಯಸ್ಸು ಸುಮಾರು 246 ಕೋಟಿ ವರ್ಷ. ಭೂಮಿಯ ಅಕ್ಷ ದಿಕ್ಕು ಬದಲಿಸುತ್ತಾ ಒಂದು ಸುತ್ತು ಬರಲು ಈಗ ಸುಮಾರು 26,000 ವರ್ಷ ಬೇಕು. ಚಂದ್ರನು ಹತ್ತಿರವಿದ್ದಾಗ ಆ ಸುತ್ತು ಬೇಗ ಮುಗಿಯುತ್ತದೆ. ಅದರಿಂದಾಗುವ ಹವಾಮಾನದ ಏರುಪೇರು ಪದರಗಳ ದಪ್ಪದಲ್ಲಿ ದಾಖಲಾಗಿರುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಪದರಗಳನ್ನು ಅಳೆದು, ಆಗ ಚಂದ್ರನು ಸುಮಾರು 3,21,800 ಕಿಲೋಮೀಟರ್ ದೂರದಲ್ಲಿದ್ದನೆಂದೂ ದಿನಕ್ಕೆ 17 ಗಂಟೆಯಷ್ಟೇ ಇತ್ತೆಂದೂ ಲೆಕ್ಕ ಹಾಕಿದರು. ಅಂದರೆ ವರ್ಷಕ್ಕೆ 500ಕ್ಕೂ ಹೆಚ್ಚು ದಿನಗಳು. ಗಣಿಯಲ್ಲಿ ಟನ್ನಿನ ಲೆಕ್ಕದಲ್ಲಿ ಲಾರಿಗೆ ಸುರಿಯುವಾಗ ನಾವು ಇದನ್ನೆಲ್ಲ ಯೋಚಿಸುವುದಿಲ್ಲ.

ರಾಯಚೂರು ಕೋಟೆ

ಇಲ್ಲೊಂದು ತೊಡಕಿದೆ. ಆಗಿನ ದೂರಕ್ಕೂ ಈಗಿನ ದೂರಕ್ಕೂ ವ್ಯತ್ಯಾಸ 62,600 ಕಿಲೋಮೀಟರ್. 246 ಕೋಟಿ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ಬರುತ್ತದೆ, 3.8 ಅಲ್ಲ. ಹತ್ತಿರವಿದ್ದಾಗ ಸೆಳೆತ ಹೆಚ್ಚಿದ್ದು ಇನ್ನೂ ಬೇಗ ಸರಿಯಬೇಕಿತ್ತಲ್ಲವೇ?

ಲೆಕ್ಕದ ಮನುಷ್ಯ, ಕೊಪ್ಪಳ

ಕೋಟೆಯವರು ಸರಿಯಾದ ಜಾಗದಲ್ಲಿ ಕೈಯಿಟ್ಟಿದ್ದಾರೆ. ಚಂದ್ರನು ಸರಿಯಲು ಕಾರಣವಾದ, ಉಬ್ಬರದ ನೀರಿಗೂ ಸಾಗರದ ತಳಕ್ಕೂ ನಡುವಿನ ಈಗಿನ ಘರ್ಷಣೆಯನ್ನೇ ಹಿಡಿದು ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದರೆ ಸುಮಾರು 150 ಕೋಟಿ ವರ್ಷಗಳ ಹಿಂದೆಯೇ ಚಂದ್ರನು ಭೂಮಿಗೆ ತಾಗಿಕೊಂಡಿರಬೇಕಾಗುತ್ತದೆ. ಆದರೆ ಅವನ ವಯಸ್ಸು ಸುಮಾರು 450 ಕೋಟಿ ವರ್ಷ. ಇದಕ್ಕೆ ಪರಿಹಾರ ಸಾಗರಗಳ ಆಕಾರದಲ್ಲಿದೆ. ಖಂಡಗಳು ಇಂದು ಇರುವ ರೀತಿಯಲ್ಲಿ ಸಾಗರಗಳ, ವಿಶೇಷವಾಗಿ ಉತ್ತರ ಅಟ್ಲಾಂಟಿಕ್ ಸಾಗರದ ನೀರಿನ ಸಹಜ ತೂಗಾಟವು ಹನ್ನೆರಡೂವರೆ ಗಂಟೆಯ ಉಬ್ಬರದ ತಾಳಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡಿದೆ. ಜೋಕಾಲಿಯನ್ನು ಸರಿಯಾದ ಸಮಯಕ್ಕೆ ನೂಕಿದಂತೆ ಉಬ್ಬರ ಬಲಿತು ಘರ್ಷಣೆ ಹೆಚ್ಚಾಗಿದೆ. ಖಂಡಗಳು ಬೇರೆ ಕಡೆ ಇದ್ದ ಕಾಲದಲ್ಲಿ ಇಷ್ಟು ಘರ್ಷಣೆ ಇರಲಿಲ್ಲ.

ಬಳ್ಳಾರಿ ಬಿಸಿಲು

ನನ್ನ ಬಿಸಿಲಿನ ಮಾತಿಗೆ ಇನ್ನೂ ಯಾರೂ ಉತ್ತರಿಸಿಲ್ಲ ಎಂಬುದನ್ನು ಸಭೆಯ ಗಮನಕ್ಕೆ ತರುತ್ತಿದ್ದೇನೆ.

ಶೂನ್ಯ ನೆರಳು ಅಕ್ಕ

ಬಿಸಿಲು ತಮ್ಮಾ, ನಿನ್ನ ಖಚಿತ ಅಭಿಪ್ರಾಯವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ನಾನು ಬಳ್ಳಾರಿಯಲ್ಲಿ ಮಕ್ಕಳಿಗೆ ಶೂನ್ಯ ನೆರಳಿನ ದಿನ ತೋರಿಸುತ್ತಿರುತ್ತೇನೆ. ಮೇ ತಿಂಗಳ ಮೊದಲ ದಿನಗಳಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಇನ್ನೊಮ್ಮೆ ಸೂರ್ಯನು ನಡುಮಧ್ಯಾಹ್ನ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಪೈಪಿನ ನೆರಳು ಅದರ ಬುಡದೊಳಗೇ ಸೇರಿಬಿಡುತ್ತದೆ. ಬಳ್ಳಾರಿಯು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಭೂಮಿಯ ಅಕ್ಷದ ಓರೆ 23.4 ಡಿಗ್ರಿ ಇರುವುದರಿಂದ ಇದು ಸಾಧ್ಯವಾಗಿದೆ. ಓರೆಯು 15ಕ್ಕಿಂತ ಕಡಿಮೆಯಾದರೆ ಬಳ್ಳಾರಿಯಲ್ಲಿ ಸೂರ್ಯನು ಎಂದಿಗೂ ನೆತ್ತಿಗೆ ಬರುವುದಿಲ್ಲ. 60, 70 ಡಿಗ್ರಿಗೆ ಹೋದರೆ ಬೇಸಿಗೆಯಲ್ಲಿ ಧ್ರುವಗಳು ಕಾಯುತ್ತವೆ, ಇಲ್ಲಿ ಜೂನ್ ತಿಂಗಳಿನಲ್ಲಿ ಸೂರ್ಯನು ಉತ್ತರದ ಕಡೆ ತಗ್ಗಿನಲ್ಲಿ ನಿಲ್ಲುತ್ತಾನೆ. ಮುಂಗಾರು ಹುಟ್ಟುವುದೇ ಬೇಸಿಗೆಯಲ್ಲಿ ಏಷ್ಯಾದ ನೆಲ ಸಮುದ್ರಕ್ಕಿಂತ ಹೆಚ್ಚು ಕಾಯುವುದರಿಂದ. ಓರೆ ಬದಲಾದರೆ ಆ ಮಳೆಯ ಕಾಲ, ಬಲ, ದಾರಿ ಎಲ್ಲವೂ ಬದಲಾಗುತ್ತವೆ. ತುಂಗಭದ್ರೆಗೆ ನೀರು ಬರುವುದು ಪಶ್ಚಿಮಘಟ್ಟದ ಆ ಮಳೆಯಿಂದಲೇ.

ಈಗ ಚಂದ್ರನ ಸಂಬಂಧ. ಈ ಓರೆಯನ್ನು 22.1ರಿಂದ 24.5 ಡಿಗ್ರಿಯ ಕಿರಿದಾದ ಮಿತಿಯಲ್ಲಿ ಹಿಡಿದಿಟ್ಟಿರುವುದರಲ್ಲಿ ಚಂದ್ರನ ಪಾಲು ದೊಡ್ಡದು. ಫ್ರಾನ್ಸಿನ ಜಾಕ್ ಲಾಸ್ಕರ್ ಮತ್ತು ಸಂಗಡಿಗರು 1993ರಲ್ಲಿ, ಚಂದ್ರನಿಲ್ಲದಿದ್ದರೆ ಬೇರೆ ಗ್ರಹಗಳ ಸೆಳೆತಕ್ಕೆ ಸಿಕ್ಕಿ ಓರೆಯು 0ಯಿಂದ 85 ಡಿಗ್ರಿಯ ತನಕ ಹೊಯ್ದಾಡಬಹುದು ಎಂದು ತೋರಿಸಿದರು. ದೊಡ್ಡ ಉಪಗ್ರಹವಿಲ್ಲದ ಮಂಗಳನ ಅಕ್ಷವು ಹಾಗೆ ಬಹಳ ಓಲಾಡಿದೆ. ಚಂದ್ರನು ಈಗಿರುವುದಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ದೂರ ಸರಿದರೂ ನಮಗೆ ಅಂಥ ತೊಂದರೆ ಆರಂಭವಾಗಬಹುದು. ಸಮುದ್ರವಿಲ್ಲದ ನಮಗೆ ಚಂದ್ರನಿಂದ ಏನು ಎಂದು ಕೇಳಿದರೆ ನಾನು ಹೇಳುವ ಉತ್ತರ ಇದು: ನಮ್ಮ ಮುಂಗಾರು ತನ್ನ ಕಾಲಕ್ಕೆ ಬರುವುದರ ಹಿಂದೆ ಅವನಿದ್ದಾನೆ.

ರಾಯಚೂರು ಕೋಟೆ

ಅಕ್ಕಾ, ಚಿತ್ರ ಸ್ವಲ್ಪ ಗಾಢವಾಯಿತು. 2012ರಲ್ಲಿ ಲಿಸಾವರ್ ಮತ್ತು ಸಂಗಡಿಗರು ಇನ್ನೂ ದೀರ್ಘವಾದ ಲೆಕ್ಕ ಮಾಡಿ, ಚಂದ್ರನಿಲ್ಲದ ಭೂಮಿಯ ಓರೆಯು ಕೋಟ್ಯಂತರ ವರ್ಷಗಳ ಕಾಲ ಲಾಸ್ಕರ್ ಹೇಳಿದಷ್ಟು ವಿಪರೀತವಾಗಿ ಓಲಾಡುವುದಿಲ್ಲ ಎಂದು ಕಂಡುಕೊಂಡರು.

ಶೂನ್ಯ ನೆರಳು ಅಕ್ಕ

ಆ ಲೆಕ್ಕವನ್ನೂ ನಾನು ಬಲ್ಲೆ. ಅದರ ಪ್ರಕಾರವೂ ಓಲಾಟ ಈಗಿನ ಎರಡೂವರೆ ಡಿಗ್ರಿಗಿಂತ ಹಲವು ಪಟ್ಟು ಹೆಚ್ಚು. ಓರೆಯಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕೇ ಹಿಮಯುಗಗಳು ಬಂದುಹೋಗಿವೆ, ಬೇಸಾಯಕ್ಕೆ 85 ಡಿಗ್ರಿಯೇ ಬೇಕೆಂದಿಲ್ಲ.

ಬಳ್ಳಾರಿ ಬಿಸಿಲು

ಓರೆ ಕಡಿಮೆ ಮಾಡಿಕೊಡುವ ಅರ್ಜಿಯನ್ನು ಯಾವ ಕಚೇರಿಗೆ ಸಲ್ಲಿಸಬೇಕು ಅಕ್ಕಾ?

ಜವಳಗೇರಿಯ ಹಿರಿಯ

ಕಕ್ಷೆಯ ವಾಲಿಕೆಯ ಬಗ್ಗೆ ಮೇಷ್ಟ್ರು ಕೇಳಿದ್ದನ್ನು ಎಲ್ಲರೂ ಮರೆತಿದ್ದೀರಿ. ಚಂದ್ರನ ದಾರಿಯು ಸೂರ್ಯನ ದಾರಿಗೆ 5 ಡಿಗ್ರಿಯಷ್ಟು ಓರೆಯಾಗಿದೆ. ಅದು ಇಲ್ಲದಿದ್ದರೆ ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ, ಪ್ರತಿ ಹುಣ್ಣಿಮೆಗೂ ಚಂದ್ರಗ್ರಹಣ. ಓರೆ ಇರುವುದರಿಂದ ಒಂದೇ ಊರಿಗೆ ಪೂರ್ಣ ಸೂರ್ಯಗ್ರಹಣ ಮತ್ತೆ ಬರಲು ನೂರಾರು ವರ್ಷ ಕಾಯಬೇಕು.

ನಮ್ಮೂರಿಗೆ ಅದು ಬಂದದ್ದು 1980ರ ಫೆಬ್ರವರಿ 16ರಂದು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದರ್ಶಕಗಳೊಂದಿಗೆ ಜವಳಗೇರಿಗೆ ಬಂದು ಬಿಡಾರ ಹೂಡಿದ್ದರು. ಮಧ್ಯಾಹ್ನದ ಹೊತ್ತಿನಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಕಾಲ ಕತ್ತಲೆ ಕವಿಯಿತು. ನಾನಾಗ ಹುಡುಗ. ಮನೆಯವರು ಕದ ಮುಚ್ಚಿ ಎಲ್ಲರನ್ನೂ ಒಳಗೆ ಕೂಡಿಸಿದ್ದರು. ಅವ್ವ ತಾಟಿನಲ್ಲಿ ನೀರು ಹಾಕಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದ್ದಳು. ಅದು ನಿಂತಿರುವ ತನಕ ಗ್ರಹಣ ಹಿಡಿದಿದೆ ಎಂದು ಅರ್ಥ. ಹೊರಗೆ ಕೋಳಿಗಳು ಗೂಡಿಗೆ ನುಗ್ಗುವ ಸದ್ದು ಮಾತ್ರ ಕೇಳಿಸಿತು. ಕದದ ಸಂದಿಯಿಂದ ನೋಡಿದರೆ ಅಂಗಳದ ಬೆಳಕಿಗೆ ಹೆಸರಿಡಲಾಗದ ಒಂದು ಬಣ್ಣ ಬಂದಿತ್ತು. ಮುಂದಿನ ಪೀಳಿಗೆಯವರಾದರೂ ಕದ ತೆರೆದು ನೋಡಲಿ ಎಂಬುದು ನನ್ನ ಆಸೆ, ಏಕೆಂದರೆ ಚಂದ್ರನು ದೂರ ಸರಿಯುತ್ತಾ ಹೋಗಿ ಸುಮಾರು 60 ಕೋಟಿ ವರ್ಷಗಳ ನಂತರ ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿ ಕಾಣುವುದೇ ಇಲ್ಲವಂತೆ.

ಗಂಗಾವತಿ ಭತ್ತ

ನಮ್ಮ ಮನೆಯಲ್ಲಿಯೂ ಒನಕೆ ನಿಲ್ಲಿಸುತ್ತಿದ್ದರು. ಆ ಹೊತ್ತಿನಲ್ಲಿ ಸೂರ್ಯ ಚಂದ್ರರಿಬ್ಬರೂ ಒಂದೇ ಕಡೆಯಿಂದ ಎಳೆಯುವುದರಿಂದಲೇ ಒನಕೆ ನಿಲ್ಲುತ್ತದೆ ಎಂದು ಒಬ್ಬರು ಹೇಳಿದ್ದರು. ಅದರಲ್ಲಿ ಹುರುಳಿದೆಯೇ?

ಲೆಕ್ಕದ ಮನುಷ್ಯ, ಕೊಪ್ಪಳ

ಇಲ್ಲ. ಬುಡ ಚಪ್ಪಟೆಯಾಗಿರುವ ಒನಕೆ ಯಾವ ಮಂಗಳವಾರ ಬೇಕಾದರೂ ನಿಲ್ಲುತ್ತದೆ, ತಾಳ್ಮೆಯಿಂದ ನಿಲ್ಲಿಸಬೇಕು ಅಷ್ಟೆ. ಚಂದ್ರನಿಂದ ನಮ್ಮ ತೂಕದಲ್ಲಿ ಆಗುವ ವ್ಯತ್ಯಾಸ ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು. 60 ಕಿಲೋ ತೂಗುವ ಮನುಷ್ಯನಿಗೆ ಅದು 6 ಮಿಲಿಗ್ರಾಂ. ಸಾಗರ ಉಕ್ಕುವುದು ಆ ಬಲ ದೊಡ್ಡದೆಂದಲ್ಲ, ಸಾವಿರಾರು ಕಿಲೋಮೀಟರ್ ಉದ್ದಕ್ಕೂ ನೀರು ಹರಿದು ಒಂದೆಡೆ ಸೇರಲು ಅವಕಾಶ ಇರುವುದರಿಂದ.

ರಾಯಚೂರು ಕೋಟೆ

ಯಾವುದಾದರೂ ಕ್ಷುದ್ರಗ್ರಹ ಬಡಿದು ಚಂದ್ರನು ದಾರಿ ತಪ್ಪಿದರೆ ಎಂದು ನಮ್ಮ ಓಣಿಯ ಹುಡುಗರು ಕೇಳುತ್ತಿರುತ್ತಾರೆ. 2025ರಲ್ಲಿ 2024 ವೈಆರ್4 ಎಂಬ ಕ್ಷುದ್ರಗ್ರಹದ ಸುದ್ದಿ ಬಂದಾಗಿನಿಂದ ಈ ಭಯ ಹೆಚ್ಚಿದೆ.

ಲೆಕ್ಕದ ಮನುಷ್ಯ, ಕೊಪ್ಪಳ

ಅದು ಬಡಿದರೂ ಚಂದ್ರನ ಕಕ್ಷೆ ಬದಲಾಗುವುದಿಲ್ಲ ಎಂದು ನಾಸಾ ಆಗಲೇ ಹೇಳಿತ್ತು. ಅದು ಸುಮಾರು 60 ಮೀಟರಿನ ಕಲ್ಲು. ಅದಕ್ಕಿಂತ ಎಷ್ಟೋ ದೊಡ್ಡದಾದ ಈರೋಸ್ ಕ್ಷುದ್ರಗ್ರಹವನ್ನೇ ತೆಗೆದುಕೊಳ್ಳಿ. ಅದರ ದ್ರವ್ಯರಾಶಿ ಚಂದ್ರನದರ ಒಂದು ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಸೆಕೆಂಡಿಗೆ 20 ಕಿಲೋಮೀಟರ್ ವೇಗದಲ್ಲಿ ಬಂದು ಬಡಿದು ಅಂಟಿಕೊಂಡರೂ ಚಂದ್ರನ ವೇಗದಲ್ಲಿ ಸೆಕೆಂಡಿಗೆ ಎರಡು ಮಿಲಿಮೀಟರಿನಷ್ಟು ಬದಲಾವಣೆ ಆದೀತು. ಅವನ ಈಗಿನ ವೇಗ ಸೆಕೆಂಡಿಗೆ ಒಂದು ಕಿಲೋಮೀಟರ್.

ಸಿಂಧನೂರಿನ ಮೇಷ್ಟ್ರು

ತರಗತಿಗೆ ಬೇಕಾದುದಕ್ಕಿಂತ ಹೆಚ್ಚೇ ಸಿಕ್ಕಿದೆ, ಎಲ್ಲರಿಗೂ ವಂದನೆಗಳು. ಗಣಿಯವರೇ, ಆ ಪಟ್ಟೆ ಕಲ್ಲಿನ ಒಂದು ತುಂಡನ್ನು ಶಾಲೆಗೆ ಕಳುಹಿಸಲು ಸಾಧ್ಯವೇ? ಭಟ್ಟರೇ, ಅಕ್ಕನವರು ಹೇಳಿದ ಹತ್ತನೆಯ ಒಂದು ಪಾಲಿನ ದೂರಕ್ಕೆ ಚಂದ್ರನು ಹೋದರೆ ಹಬ್ಬಹುಣ್ಣಿಮೆಗಳ ಗತಿ ಏನಾಗುತ್ತದೆ?

ಸಂಡೂರಿನ ಗಣಿ ಮನುಷ್ಯ

ಗಣಿಯೊಳಗಿನ ಅದಿರು ಒಂದು ಮುಷ್ಟಿಯಾದರೂ ಪರ್ಮಿಟ್ ಇಲ್ಲದೆ ಹೊರಗೆ ಬರುವ ಕಾಲ ಮುಗಿಯಿತು ಮೇಷ್ಟ್ರೇ. ಮಕ್ಕಳನ್ನು ಸಂಡೂರಿಗೆ ಕರೆದುಕೊಂಡು ಬನ್ನಿ, ಘಾಟಿಯ ದಾರಿಯಲ್ಲಿ ರಸ್ತೆ ಕಡಿದಿರುವ ಗೋಡೆಯಲ್ಲಿಯೇ ಪಟ್ಟೆಗಳನ್ನು ತೋರಿಸುತ್ತೇನೆ.

ಪಂಚಾಂಗದ ಮನೆ, ಆನೆಗೊಂದಿ

ಮೇಷ್ಟ್ರೇ, ಕೂತು ಲೆಕ್ಕ ಹಾಕಿದೆ. ಈಗ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಮಾಸಕ್ಕೆ 354 ದಿನವಾಗಿ ಸೌರ ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ, ಅದನ್ನು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ ಹಾಕಿ ಸರಿದೂಗಿಸುತ್ತೇವೆ. ದೂರ ಹತ್ತನೆಯ ಒಂದು ಪಾಲು ಹೆಚ್ಚಿದರೆ ಮಾಸವು ಮೂವತ್ತನಾಲ್ಕೂವರೆ ದಿನಕ್ಕೆ ಹಿಗ್ಗುತ್ತದೆ. ವರ್ಷಕ್ಕೆ ಹತ್ತೇ ಮಾಸ, ಅದರ ಮೇಲೆ 20 ದಿನ ಉಳಿಯುತ್ತದೆ. ಆಗ ಎರಡು ವರ್ಷ ತುಂಬುವ ಮೊದಲೇ ಅಧಿಕಮಾಸ ಬರಬೇಕಾಗುತ್ತದೆ. ಎರಡು ಮಾಸಗಳನ್ನು ಹಬ್ಬಗಳ ಸಮೇತ ಕೈಬಿಡಬೇಕು. ಯಾವ ಎರಡು ಎಂಬುದನ್ನು ನಿರ್ಣಯಿಸುವ ಸಭೆಗೆ ನನ್ನನ್ನು ಕರೆಯಬೇಡಿ.

ತಿಥಿಗಳದ್ದು ಇನ್ನೊಂದು ಸ್ವಾರಸ್ಯ. ಚಂದ್ರನು ಹತ್ತಿರವಿದ್ದಾಗ ಬೇಗ, ದೂರವಿದ್ದಾಗ ನಿಧಾನ ಚಲಿಸುವುದರಿಂದ ಒಂದು ತಿಥಿ ಈಗ 20 ಗಂಟೆಯಿಂದ 26 ಗಂಟೆಯವರೆಗೆ ಹೆಚ್ಚುಕಡಿಮೆಯಾಗುತ್ತದೆ. ಹೊಸ ಕಕ್ಷೆಯಲ್ಲಿ ಅದರ ಸರಾಸರಿಯೇ ಇಪ್ಪತ್ತೇಳೂವರೆ ಗಂಟೆ. ಆಗ ಒಂದೂ ಸೂರ್ಯೋದಯವನ್ನು ಕಾಣದ ಕ್ಷಯತಿಥಿ ಬಹುಮಟ್ಟಿಗೆ ಇಲ್ಲವಾಗಿ, ಒಂದೇ ತಿಥಿ ಎರಡು ಸೂರ್ಯೋದಯಗಳನ್ನು ಕಾಣುವುದು ಸಾಮಾನ್ಯವಾಗುತ್ತದೆ. ಏಕಾದಶಿಯ ಉಪವಾಸ ಮಾಡುವವರು ಸ್ವಲ್ಪ ಗಟ್ಟಿಯಾಗಬೇಕು.

ಗಂಗಾವತಿ ಭತ್ತ

ನಮ್ಮಲ್ಲಿ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ. ಭಟ್ಟರ ಲೆಕ್ಕದ ಪ್ರಕಾರ ವರ್ಷಕ್ಕೆ ಹನ್ನೆರಡಿದ್ದ ರಜೆ ಹತ್ತಕ್ಕೆ ಇಳಿಯುತ್ತದೆ. ಎತ್ತುಗಳ ಪರವಾಗಿ ನಾನು ಈ ಕಕ್ಷೆ ಬದಲಾವಣೆಯನ್ನು ವಿರೋಧಿಸುತ್ತೇನೆ.

ಮುನಿರಾಬಾದಿನವ

ಯಜಮಾನರೇ, ನಿಮ್ಮ ಮನೆಯಲ್ಲಿ ಈಗ ಇರುವುದು ಟ್ರ್ಯಾಕ್ಟರ್ ಅಲ್ಲವೇ?

ಗಂಗಾವತಿ ಭತ್ತ

ಟ್ರ್ಯಾಕ್ಟರಿನ ಚಾಲಕನೂ ಅಮಾವಾಸ್ಯೆಯ ದಿನ ಬರುವುದಿಲ್ಲ.